ಓದು-ಬರಹದ ತೊಡಕುಳ್ಳ ಮಕ್ಕಳಿಗೂ ನ್ಯಾಯವಾದ ಪರೀಕ್ಷೆ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನೆಲ, ಬೀಜ, ಗೊಬ್ಬರಗಳ ಮಾತು ಆಡುತ್ತ ಬಂದವನು ನಾನು. ಇಂದು ಮಕ್ಕಳ ಪರೀಕ್ಷೆಯ ಮಾತು ಆಡಲಿದ್ದೇನೆ. ಜಮಖಂಡಿ, ಮುಧೋಳ, ಬೀಳಗಿಯ ಹೊಲದವರಿಗೂ ರಬಕವಿ-ಬನಹಟ್ಟಿಯ ಮಗ್ಗದವರಿಗೂ ಇದು ಸಂಬಂಧಿಸಿದ್ದು.

ಕೆಲವು ಮಕ್ಕಳು ಬಾಯಿಲೆಕ್ಕದಲ್ಲಿ ಚುರುಕು. ಕೇಳಿದ ಪಾಠವನ್ನು ಚೆನ್ನಾಗಿ ಒಪ್ಪಿಸುತ್ತಾರೆ. ಬರೆಯಲು ಕುಳಿತರೆ ಮಾತ್ರ ಒತ್ತಕ್ಷರ ಬಿಡುತ್ತಾರೆ. ಒಂದೇ ಶಬ್ದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆಯುತ್ತಾರೆ. ನಾವು ಅವರಿಗೆ ‘ದಡ್ಡ’ ಎಂದು ಹೆಸರಿಟ್ಟು, ಹತ್ತನೆಯ ತರಗತಿಗೆ ಮೊದಲೇ ಶಾಲೆ ಬಿಡಿಸಿ ಮಗ್ಗಕ್ಕೋ ಹೊಲಕ್ಕೋ ಹಚ್ಚುತ್ತೇವೆ. ಹಿಂದುಳಿದ ಎಲ್ಲ ಮಕ್ಕಳಿಗೂ ಒಂದೇ ಕಾರಣವಿರುವುದಿಲ್ಲ. ಕಣ್ಣು, ಕಿವಿ, ಗೈರುಹಾಜರಿಗಳನ್ನೂ ನೋಡಬೇಕು. ಆದರೆ ಕೆಲವರಲ್ಲಿರುವುದು ಕಲಿಕಾ ನ್ಯೂನತೆ. ಬುದ್ಧಿಗೆ ಕುಂದಿಲ್ಲ, ಓದಿ ಬರೆಯುವ ದಾರಿಯಲ್ಲಿ ತೊಡಕು. ಬೆತ್ತದಿಂದ ಅದು ಹೋಗದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಈ ತೊಡಕನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಅದರ 17ನೆಯ ಕಲಮು ಹೆಚ್ಚಿನ ವೇಳೆ, ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ—ಇವನ್ನು ಹೆಸರಿಸಿ ಹೇಳುತ್ತದೆ. ಬರೆಯುವ ಕೈ ಸೆಡೆಯುವ ವಿಕಾಸ್ ಕುಮಾರ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ, ನ್ಯೂನತೆ ಶೇಕಡಾ 40 ಮುಟ್ಟಿಲ್ಲವೆಂಬ ಕಾರಣಕ್ಕೇ ಸಹಾಯಕನನ್ನು ನಿರಾಕರಿಸಲಾಗದು ಎಂದು ತೀರ್ಪಿತ್ತಿತು.

‘ಉಳಿದ ಮಕ್ಕಳಿಗೆ ಇದು ಅನ್ಯಾಯವಲ್ಲವೇ?’ ಎಂದು ಕೇಳುವವರುಂಟು. ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಗಾಡಿಯ ತೂಕ ಕಳೆದೇ ಕಬ್ಬಿನ ತೂಕ ಹಿಡಿಯುತ್ತಾರಲ್ಲವೇ? ಹಾಗೆ ಕಳೆದದ್ದು ದಯೆಯಲ್ಲ, ಸರಿಯಾದ ಅಳತೆ. ಇಲ್ಲಿಯೂ ಪ್ರಶ್ನೆಪತ್ರಿಕೆ ಒಂದೇ. ಸಹಾಯಕನು ಹೇಳಿದ್ದನ್ನಷ್ಟೇ ಬರೆಯತಕ್ಕದ್ದು, ಉತ್ತರ ಮಗುವಿನದೇ. ಹೀಗೆ ಗಳಿಸಿದ ಅಂಕಗಳನ್ನು ಅರೆಬೆಲೆಯವೆಂದು ಕಾಣುವುದು ತಪ್ಪು. ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತರುವುದು ಇನ್ನೂ ದೊಡ್ಡ ತಪ್ಪು. ಅದರಿಂದ ನಿಜವಾದ ಮಗುವಿನ ಮೇಲೂ ಸಂಶಯ ಬೀಳುತ್ತದೆ.

ಇನ್ನು ಮಾಡಬೇಕಾದದ್ದು:

1. ಮೂರನೆಯ ತರಗತಿಯ ಹೊತ್ತಿಗೇ ಮಗುವಿನ ಬರಹವನ್ನು ಗುರುಗಳೊಡನೆ ಕೂತು ನೋಡಿರಿ.

2. ಸಂಶಯವಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ತಪಾಸಣೆ ಮಾಡಿಸಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆಂದೇ ಪರೀಕ್ಷಾಕ್ರಮ ರೂಪಿಸಿದೆ. ‘ಪ್ರಮಾಣಪತ್ರ ತಂದರೆ ನಾಳೆ ಮದುವೆಗೆ ಅಡ್ಡಿಯಾದೀತು’ ಎಂದು ಮುಚ್ಚಿಡಬೇಡಿರಿ.

3. ಎಸ್.ಎಸ್.ಎಲ್.ಸಿ. ಸೌಲಭ್ಯಕ್ಕೆ ಮುಖ್ಯಾಧ್ಯಾಪಕರ ಮೂಲಕ ಪರೀಕ್ಷಾ ಮಂಡಳಿಗೆ ಸಕಾಲದಲ್ಲಿ ಅರ್ಜಿ ಹೋಗಲಿ. ಪರೀಕ್ಷೆ ಬಾಗಿಲಿಗೆ ಬಂದ ಮೇಲೆ ಓಡಾಡಿದರೆ ಫಲವಿಲ್ಲ.

4. ಹೇಳಿ ಬರೆಸುವುದೂ ಒಂದು ರೂಢಿ. ವರ್ಷವಿಡೀ ಕಿರುಪರೀಕ್ಷೆಗಳಲ್ಲಿ ಅಭ್ಯಾಸ ಮಾಡಿಸಿರಿ.

ಹಂಗಾಮು ತಪ್ಪಿದ ಬಿತ್ತನೆ ಮುಂದಿನ ವರ್ಷ ಕೈಗೂಡೀತು. ಶಾಲೆ ಬಿಟ್ಟ ಮಗು ಮರಳಿ ಬರುವುದು ಕಷ್ಟ. ನಿಮ್ಮ ಓಣಿಯಲ್ಲಿ ಅಂಥ ಮಗುವಿದ್ದರೆ ಈ ವಾರವೇ ಅದರ ಗುರುಗಳನ್ನು ಕಾಣಿರಿ.