ಬಾಣಂತಿಯ ಕೂದಲು ಯಾಕೆ ಉದುರುತ್ತೆ?

(ಕಲಿಕಾ ಕೇಂದ್ರದಲ್ಲಿ ಆರೋಗ್ಯ ಸಹಾಯಕಿಯರು ಆಡಿದ ಮಾತು)



ಇವತ್ತು ನಾವು ತಲೆಕೂದಲಿನ ವಿಷಯ ಮಾತಾಡೋಣ ಅಂತ ಬಂದಿದ್ದೇವೆ. ನಗಬೇಡಿ! ಕೂದಲು ಸಣ್ಣ ವಿಷಯ ಅಲ್ಲ. ಉದ್ದ ಜಡೆ ಹಾಕಿ ಹೂ ಮುಡಿಯೋ ಆಸೆ ಯಾರಿಗಿಲ್ಲ? ಬಾಚಣಿಗೆ ತುಂಬ ಕೂದಲು ಬಂದರೆ ಯಾರ ಎದೆ ಧಸಕ್ ಅನ್ನೋದಿಲ್ಲ?

ಒಬ್ಬ ತಂಗಿಯ ಕಥೆ ಕೇಳಿ. ಅವಳದು ಚೊಚ್ಚಲ ಹೆರಿಗೆ. ಮಗುವಿಗೆ ಮೂರೂವರೆ ತಿಂಗಳು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿತ್ತು. ಅವಳು ತಲೆ ತುಂಬ ಸೆರಗು ಹೊದ್ದು ನಮ್ಮ ಹತ್ತಿರ ಬಂದಳು.

"ಅಕ್ಕಾ, ನನ್ನ ಸತ್ವವನ್ನೆಲ್ಲ ಮಗು ಹಾಲಿನಲ್ಲಿ ಎಳ್ಕೊಳ್ತಾ ಇದೆಯಂತೆ. ಅದಕ್ಕೇ ಕೂದಲು ಉದುರುತ್ತಂತೆ. ನಾಳೆಯಿಂದ ಎದೆಹಾಲು ಬಿಡಿಸಿ ಬಾಟಲಿ ಹಾಲು ಕೊಡ್ತೀನಿ" ಅಂದಳು.

ನಮಗೆ ಗಾಬರಿಯಾಯಿತು. ಅವಳ ಕೂದಲು ನೋಡಿ ಅಲ್ಲ. ಆ ಮಗುವನ್ನು ನೆನೆದು. ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇವೆ.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಹೊರಗೆ ಕಾಣುವ ಕೂದಲಿಗೆ ಜೀವ ಇಲ್ಲ. ಅದಕ್ಕೇ ಕತ್ತರಿಸಿದರೆ ನೋವಾಗೋದಿಲ್ಲ. ಜೀವ ಇರೋದು ಚರ್ಮದ ಒಳಗಿನ ಬೇರಿನಲ್ಲಿ. ಆ ಬೇರಿಗೆ ಊಟ ಕೊಡೋದು ನಮ್ಮ ರಕ್ತ.

ಒಂದೊಂದು ಕೂದಲಿಗೂ ಮೂರು ಕಾಲ ಇವೆ. ಮೊದಲನೆಯದು ಬೆಳೆಯುವ ಕಾಲ. ಇದು 2 ರಿಂದ 6 ವರ್ಷ. ಆಗ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡನೆಯದು ಬೆಳವಣಿಗೆ ನಿಲ್ಲುವ ಕಾಲ. ಇದು ಎರಡು ಮೂರು ವಾರ ಮಾತ್ರ. ಮೂರನೆಯದು ಸುಮಾರು 3 ತಿಂಗಳು ಸುಮ್ಮನೆ ಇರುವ ಕಾಲ. ಅದು ಮುಗಿದ ಮೇಲೆ ಕೂದಲು ಉದುರುತ್ತದೆ. ಅದೇ ಬೇರಿನಿಂದ ಹೊಸ ಕೂದಲು ಹುಟ್ಟುತ್ತದೆ.

ತೆಂಗಿನ ಮರ ನೋಡಿ. ಹಳೆಯ ಗರಿ ಒಣಗಿ ಬೀಳುತ್ತದೆ. ಮೇಲೆ ಹೊಸ ಸುಳಿ ಬರುತ್ತದೆ. ಮರ ಬೋಳಾಗುತ್ತದೆಯೇ? ಇಲ್ಲ. ನಮ್ಮ ತಲೆಯೂ ಹಾಗೇ. 100 ಕೂದಲಿನಲ್ಲಿ 85 ರಿಂದ 90 ಬೆಳೆಯುತ್ತಾ ಇರುತ್ತವೆ. ಉಳಿದವು ಉದುರುವ ಸರದಿ ಕಾಯುತ್ತಾ ಇರುತ್ತವೆ. ದಿನಕ್ಕೆ 50 ರಿಂದ 100 ಕೂದಲು ಉದುರುವುದು ಸಹಜ.

ಹಾಗಾದರೆ ಬಾಣಂತಿಗೆ ಮಾತ್ರ ಹಿಡಿ ಹಿಡಿ ಯಾಕೆ ಉದುರುತ್ತೆ?

ಬಸುರಿಯಾದಾಗ ಮೈಯಲ್ಲಿ ಕೆಲವು ರಸಗಳು ಹೆಚ್ಚುತ್ತವೆ. ಅವುಗಳಿಂದ ಉದುರಬೇಕಾದ ಕೂದಲೂ ಉದುರದೆ ನಿಲ್ಲುತ್ತದೆ. ಬಸುರಿಯ ಜಡೆ ದಪ್ಪ ಕಾಣೋದು ಅದಕ್ಕೇ. ಹೆರಿಗೆ ಆದ ಮೇಲೆ ಆ ರಸಗಳು ಇಳಿಯುತ್ತವೆ. ಆಗ ನಿಂತಿದ್ದ ಕೂದಲೆಲ್ಲ ಒಟ್ಟಿಗೆ ಸುಮ್ಮನಿರುವ ಕಾಲಕ್ಕೆ ಹೋಗುತ್ತವೆ. ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೆ ಉದುರುತ್ತವೆ. ಇದು ಹಳೆಯ ಬಾಕಿ, ಅಷ್ಟೆ.

ಮಗು ತಾಯಿಯ ಮುಖ ನೋಡಿ ನಗಲು ಶುರು ಮಾಡಿದರೆ ತಾಯಿಯ ಕೂದಲು ಉದುರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಅವರು ಕಂಡ ಹೊತ್ತು ಸರಿ. ಮಗು ನಗುವುದೂ ಆಗಲೇ, ಕೂದಲು ಉದುರುವುದೂ ಆಗಲೇ. ಆದರೆ ಕಾರಣ ಮಗುವಿನ ನಗು ಅಲ್ಲ. ಎದೆಹಾಲೂ ಅಲ್ಲ. ಹಾಲು ಕುಡಿಸದ ತಾಯಂದಿರಿಗೂ ಹೀಗೇ ಉದುರುತ್ತದೆ.

ಆದ್ದರಿಂದ ಹಾಲು ಬಿಡಿಸಬೇಡಿ. 6 ತಿಂಗಳವರೆಗೆ ಮಗುವಿಗೆ ಎದೆಹಾಲೊಂದೇ ಸಾಕು. ನೀರೂ ಬೇಡ. ಬಾಟಲಿ ಸರಿಯಾಗಿ ಕುದಿಸದಿದ್ದರೆ, ನೀರು ಕೊಳೆಯಾಗಿದ್ದರೆ ಮಗುವಿಗೆ ಭೇದಿ ಹಿಡಿಯುತ್ತದೆ. ಉದುರಿದ ಕೂದಲು ಮತ್ತೆ ಬರುತ್ತದೆ. ಮಗುವಿನ ಜೀವ ಹೋದರೆ ಬರುತ್ತದೆಯೇ?

ಇನ್ನೊಂದು ಮಾತು. ಹೆರಿಗೆಯಿಂದ ಮಾತ್ರ ಹೀಗಾಗುವುದಿಲ್ಲ. ಟೈಫಾಯಿಡ್, ಡೆಂಗೆ ಜ್ವರ ಬಂದು ಹೋದ ಮೇಲೂ ಆಗುತ್ತದೆ. 2020, 2021ರಲ್ಲಿ ಕೊರೋನಾ ಬಂದು ವಾಸಿಯಾದವರಲ್ಲಿ ಬಹಳ ಜನರಿಗೆ ಹೀಗಾಯಿತು. ಆಪರೇಷನ್ ಆದರೂ, ಹೊಟ್ಟೆಗೆ ಸಾಲದಿದ್ದರೂ, ದೊಡ್ಡ ದುಃಖ ಬಂದರೂ ಆಗಬಹುದು.

ಈಗ ನಿಮಗೆ ಓದಲು ಬರುತ್ತದೆ. ಕೂದಲು ಹೆಚ್ಚು ಉದುರಿದಾಗ ಕ್ಯಾಲೆಂಡರ್ ತೆಗೆಯಿರಿ. ಎರಡು ಮೂರು ತಿಂಗಳು ಹಿಂದಕ್ಕೆ ಎಣಿಸಿ. ಆಗ ಏನಾಗಿತ್ತು? ಜ್ವರವೇ? ಹೆರಿಗೆಯೇ? ಕಾರಣ ಅಲ್ಲಿ ಸಿಗಬಹುದು. ನಿನ್ನೆ ಹಾಕಿದ ಸೋಪನ್ನು ಬೈಯಬೇಡಿ. ಪಕ್ಕದ ಮನೆಯವಳ ದೃಷ್ಟಿ ತಾಗಿತು ಅಂತ ಜಗಳ ಆಡಬೇಡಿ.

ಬೇರಿಗೆ ಊಟ ಕೊಡೋದು ರಕ್ತ ಅಂದೆವಲ್ಲ. ಆ ರಕ್ತವೇ ಸಾಲದಿದ್ದರೆ? 2019–21ರಲ್ಲಿ ಸರ್ಕಾರ ದೇಶದ ಮನೆಮನೆ ಸಮೀಕ್ಷೆ ಮಾಡಿತು. 15 ರಿಂದ 49 ವರ್ಷದ 100 ಹೆಂಗಸರಲ್ಲಿ 57 ಜನರಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಾದರೆ ಸುಸ್ತು, ಏದುಸಿರು, ತಲೆಸುತ್ತು. ಕೂದಲೂ ಉದುರಬಹುದು.

ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ. ಅದರಲ್ಲಿ ಎಚ್.ಬಿ. ಎಷ್ಟು ಅಂತ ಬರೆದಿರುತ್ತಾರೆ. ಅಂಕಿ ನೀವೇ ಓದಿ. ಬಸುರಿಗೆ 11ಕ್ಕಿಂತ ಕಡಿಮೆ, ಉಳಿದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತ ಸಾಲದು ಅಂತ ಅರ್ಥ. ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾಫಿ, ಟೀ ಜೊತೆ ನುಂಗಬೇಡಿ. ನಿಂಬೆಹಣ್ಣಿನ ನೀರು ಒಳ್ಳೆಯದು. ಮಲ ಕಪ್ಪಗೆ ಹೋದರೆ ಹೆದರಬೇಡಿ.

ಪಥ್ಯ ಅಂತ ಬಾಣಂತಿಗೆ ಬರೀ ಅನ್ನ, ಸಾರು ಹಾಕಬೇಡಿ. ರಾಗಿಮುದ್ದೆ, ಹುರುಳಿಕಾಳು, ಬೇಳೆ, ನುಗ್ಗೆಸೊಪ್ಪು ಕೊಡಿ. ತಿನ್ನುವವರು ಮೊಟ್ಟೆ, ಮೀನು, ಮಾಂಸ ತಿನ್ನಲಿ.

ಎಣ್ಣೆ ಹಚ್ಚಬಾರದೇ? ಹಚ್ಚಿ. ಕೂದಲು ನಯವಾಗುತ್ತದೆ, ಸಿಕ್ಕಾಗುವುದು ತಪ್ಪುತ್ತದೆ. ಆದರೆ ಬಾಣಂತಿಯ ಕೂದಲು ಉದುರುವುದನ್ನು ಎಣ್ಣೆ ತಡೆಯುವುದಿಲ್ಲ. ದುಬಾರಿ ಎಣ್ಣೆಗೆ ಹಾಕುವ ದುಡ್ಡಿನಲ್ಲಿ ಮೊಟ್ಟೆ, ಕಾಳು ತನ್ನಿ. ಜಡೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ. ಎಳೆದು ಎಳೆದು ಹಣೆಯ ಅಂಚಿನ ಕೂದಲು ಹೋಗುತ್ತದೆ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ನಾಣ್ಯದ ಹಾಗೆ ಒಂದೇ ಜಾಗ ಬೋಳಾದರೆ. ತಲೆಯಲ್ಲಿ ಹುಣ್ಣು, ಕೀವು, ತುರಿಕೆ ಇದ್ದರೆ. ಬೈತಲೆ ದಿನೇ ದಿನೇ ಅಗಲವಾಗುತ್ತಿದ್ದರೆ. ಮೈ ಊದಿ, ಚಳಿ ತಡೆಯಲು ಆಗದೆ, ಸದಾ ಸುಸ್ತಾಗಿದ್ದರೆ. ಅದು ಥೈರಾಯಿಡ್ ತೊಂದರೆ ಇರಬಹುದು. ಮಗುವಿಗೆ ವರ್ಷ ತುಂಬಿದರೂ ಉದುರುವುದು ನಿಲ್ಲದಿದ್ದರೆ ಆಗಲೂ ತಪ್ಪದೆ ತೋರಿಸಿ.

ಯುಗಾದಿಗೆ ಮುಂಚೆ ಹೊಂಗೆ ಮರ ಎಲೆ ಉದುರಿಸುತ್ತದೆ. ಮರ ಒಣಗಿತು ಅಂತ ಯಾರಾದರೂ ಕೊಡಲಿ ತರುತ್ತಾರೆಯೇ? ಚಿಗುರಿಗೆ ಕಾಯುತ್ತಾರೆ. ಬಾಣಂತಿಯೂ ಕಾಯಬೇಕು.

ಆ ತಂಗಿ ಹಾಲು ಬಿಡಿಸಲಿಲ್ಲ. ಮಾತ್ರೆ ನುಂಗಿದಳು, ಹೊಟ್ಟೆ ತುಂಬ ಉಂಡಳು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಮತ್ತೆ ಬಂದಳು. ತಲೆಯ ಮೇಲೆ ಸೆರಗು ಇರಲಿಲ್ಲ. ಹಣೆಯ ಸುತ್ತ ಗಿಡ್ಡ ಗಿಡ್ಡ ಹೊಸ ಕೂದಲು ಎದ್ದು ನಿಂತಿತ್ತು.

"ನೋಡಕ್ಕಾ, ಎಷ್ಟು ಬಾಚಿದರೂ ಇವು ಜಡೆಗೇ ಸಿಗೋದಿಲ್ಲ" ಅಂತ ದೂರು ಹೇಳಿದಳು. ಅವಳೂ ನಕ್ಕಳು, ನಾವೂ ನಕ್ಕೆವು.

ಅಕ್ಕತಂಗಿಯರೇ, ನಿಮ್ಮ ಓಣಿಯಲ್ಲೂ ಬಾಣಂತಿಯರು ಇದ್ದಾರೆ. ಈ ಪುಸ್ತಕ ತೆಗೆದುಕೊಂಡು ಹೋಗಿ. ಅವರಿಗೂ, ಅವರ ಅತ್ತೆಯವರಿಗೂ ನೀವೇ ಓದಿ ಹೇಳಿ.