ರಾಜಿ ಕಾಗದಕ್ಕೆ ರುಜು ಹಾಕುವ ಮೊದಲು

(ಸ್ತ್ರೀಶಕ್ತಿ ಸಂಘಗಳ ತಾಲ್ಲೂಕು ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

ಅಕ್ಕತಂಗಿಯರೇ,

ನಾನು ಭಾಷಣ ಕಲಿತವಳಲ್ಲ. ಹತ್ತು ವರ್ಷ ಸಂಘದ ಲೆಕ್ಕ ಬರೆದವಳು, ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ಆ ಐದು ವರ್ಷಗಳಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಮಾತು ಶುರುಮಾಡುತ್ತೇನೆ.

ಒಂದು ಸಂಜೆ ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡು ಪಂಚಾಯಿತಿ ಕಟ್ಟೆಗೆ ಬಂದಳು. ಮುಖ ಊದಿತ್ತು. ಮದುವೆಯಲ್ಲಿ ಒಪ್ಪಿದ ಬೈಕಿನ ಹಣ ತವರಿನಿಂದ ಬಂದಿಲ್ಲವೆಂದು ಗಂಡ, ಅತ್ತೆ ಸೇರಿ ಹೊಡೆದಿದ್ದರು. ಊರ ಹಿರಿಯರು ಸೇರಿದರು. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದರು. ಛಾಪಾ ಕಾಗದ ತರಿಸಿ 'ಇನ್ನು ಹೊಡೆಯುವುದಿಲ್ಲ' ಎಂದು ಅವನಿಂದ, 'ಇನ್ನು ಹೊಂದಿಕೊಂಡು ಹೋಗುತ್ತೇನೆ' ಎಂದು ಅವಳಿಂದ ಬರೆಸಿಕೊಂಡರು. ಸಾಕ್ಷಿ ಎಂದು ನಾನೂ ರುಜು ಹಾಕಿದೆ. ಒಂದು ಸಂಸಾರ ಉಳಿಸಿದೆವೆಂದೇ ಅಂದುಕೊಂಡೆ.

ಮೂರು ವಾರಕ್ಕೆ ಅವಳ ಎಡಗೈ ಮುರಿದಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಅವಳು ಕೇಳಿದ್ದು ಒಂದೇ ಮಾತು: "ಅಕ್ಕಾ, ಆ ಕಾಗದ ಎಲ್ಲಿದೆ?" ಅದು ಗಂಡನ ಮನೆಯ ಪೆಟ್ಟಿಗೆಯಲ್ಲಿತ್ತು.

ಕೈಯಲ್ಲಿದ್ದರೂ ಅದರಿಂದ ಏನಾಗುತ್ತಿತ್ತು? ಕೊಟ್ಟ ಮಾತು ಮುರಿದವನನ್ನು ಆ ಕಾಗದ ಹಿಡಿದು ನಿಲ್ಲಿಸುವುದಿಲ್ಲ. ಪಂಚಾಯಿತಿ ನ್ಯಾಯಾಲಯವಲ್ಲ. ಹೊಡೆತ ತಿಂದವಳಿಗೂ ಹೊಡೆದವನಿಗೂ ಸಮಸಮ ಬುದ್ಧಿ ಹೇಳಿ ಕಳಿಸುವುದು ನ್ಯಾಯವೂ ಅಲ್ಲ. ಇದನ್ನು ಕಲಿಯಲು ನನಗೆ ಒಬ್ಬಳ ಕೈ ಮುರಿಯಬೇಕಾಯಿತು.

ಹಾಗಾದರೆ ದಾರಿ ಯಾವುದು? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ ಕಾಯಿದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ಹಂಗಿಸುವುದು, ವರದಕ್ಷಿಣೆಗಾಗಿ ಪೀಡಿಸುವುದು, ಲೈಂಗಿಕ ಹಿಂಸೆ, ಖರ್ಚಿಗೆ ಹಣ ಕೊಡದಿರುವುದು, ಅವಳ ಒಡವೆ ಮಾರಿಕೊಳ್ಳುವುದು ಎಲ್ಲವೂ ಇದರಲ್ಲಿ ದೌರ್ಜನ್ಯವೇ. 'ಇನ್ನು ಹೊಡೆಯಕೂಡದು' ಎಂದು ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು. ಮನೆ ಗಂಡನ ಹೆಸರಿನಲ್ಲಿದ್ದರೂ ಅತ್ತೆಯ ಹೆಸರಿನಲ್ಲಿದ್ದರೂ ಅವಳನ್ನು ಅಲ್ಲಿಂದ ಹೊರಹಾಕದಂತೆ ತಡೆಯಬಹುದು. ಜೀವನಾಂಶ, ಔಷಧಿ ಖರ್ಚು ಕೊಡಿಸಬಹುದು, ಮಕ್ಕಳನ್ನು ತಾತ್ಕಾಲಿಕವಾಗಿ ಅವಳ ವಶಕ್ಕೆ ಒಪ್ಪಿಸಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ಛಾಪಾ ಕಾಗದಕ್ಕೆ ಈ ಬಲ ಎಲ್ಲಿಂದ ಬರಬೇಕು?

ಕೋರ್ಟು ಎಂದ ಕೂಡಲೇ ನಮಗೆ ಹೆದರಿಕೆ. ಆದರೆ ಇದರ ಬಾಗಿಲು ನಿಮ್ಮ ಬೀದಿಯಲ್ಲೇ ಇದೆ. ಈ ಕಾಯಿದೆಯಡಿ ಸಂರಕ್ಷಣಾಧಿಕಾರಿ ಎಂಬವರಿದ್ದಾರೆ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಆ ಹೊಣೆ ಇರುವುದು ನಮಗೆಲ್ಲ ಗೊತ್ತಿರುವ ಸಿ.ಡಿ.ಪಿ.ಓ. ಅವರಿಗೆ. ನಿಮ್ಮ ಅಂಗನವಾಡಿ ಕಾರ್ಯಕರ್ತೆ ಕೆಲಸ ಮಾಡುವುದೂ ಅದೇ ಕಚೇರಿಯ ಕೈಕೆಳಗೆ. ನಡೆದದ್ದನ್ನು ಕೌಟುಂಬಿಕ ಘಟನಾ ವರದಿಯಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು, ಅವಳು ಬಯಸಿದರೆ ಅರ್ಜಿ ಹಾಕಿಸುವುದು, ಗಾಯವಾಗಿದ್ದರೆ ವೈದ್ಯಕೀಯ ಪರೀಕ್ಷೆ ಮಾಡಿಸುವುದು ಆ ಅಧಿಕಾರಿಯ ಕರ್ತವ್ಯ. ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕೆಂದು ಕಾಯಿದೆ ಹೇಳುತ್ತದೆ. ವಕೀಲರ ಖರ್ಚಿಗೆ ಅಂಜಬೇಡಿ. ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಕೇಳುವುದಿಲ್ಲ.

ಆ ರಾತ್ರಿ ಎಲ್ಲಿ ಮಲಗುವುದು? ಇದೇ ಮೊದಲ ಪ್ರಶ್ನೆ. 181ಕ್ಕೆ ಫೋನು ಮಾಡಿ. ಪ್ರಾಣಕ್ಕೆ ಅಪಾಯವಿದ್ದರೆ 112. ಜಿಲ್ಲೆಯ 'ಸಖಿ' ಕೇಂದ್ರದಲ್ಲಿ ತಾತ್ಕಾಲಿಕ ವಸತಿ, ಚಿಕಿತ್ಸೆ, ಪೊಲೀಸ್ ನೆರವು, ಆಪ್ತಸಲಹೆ ಒಂದೇ ಕಡೆ ಸಿಗಬೇಕು.

ಅಧಿಕಾರಿಗಳೇ ಎಲ್ಲ ಮಾಡಿಬಿಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅಂಗನವಾಡಿ, ಪೌಷ್ಟಿಕ ಆಹಾರ, ಹತ್ತಾರು ಯೋಜನೆಗಳ ನಡುವೆ ಈ ಕೆಲಸವೂ ಸಿ.ಡಿ.ಪಿ.ಓ. ತಲೆಯ ಮೇಲಿದೆ. ಒಬ್ಬಳೇ ಹೋದರೆ 'ನಾಳೆ ಬಾ' ಎನ್ನುತ್ತಾರೆ. ಹತ್ತು ಜನ ಹೋದರೆ ಕುರ್ಚಿ ಕೊಡುತ್ತಾರೆ.

ಇನ್ನು ಪಂಚಾಯಿತಿಯ ಮಾತು. ಕರ್ನಾಟಕದಲ್ಲಿ 1993ರ ಕಾಯಿದೆ ಪಂಚಾಯಿತಿಗಳಲ್ಲಿ ಮೂರನೇ ಒಂದರಷ್ಟು ಸ್ಥಾನವನ್ನು ಹೆಣ್ಣುಮಕ್ಕಳಿಗೆ ಕೊಟ್ಟಿತು, 2010ರಲ್ಲಿ ಅದು ಅರ್ಧಕ್ಕೇರಿತು. ಅಷ್ಟು ಜನ ಒಳಗೆ ಕುಳಿತು ರಾಜಿ ಕಾಗದಕ್ಕೆ ರುಜು ಹಾಕುವುದೇ ನಮ್ಮ ಕೆಲಸವೇ? ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿ ಇದೆ. ಮಹಿಳೆಯರ ಹಿತ ಕಾಯುವುದು ಅದರ ಹೊಣೆ. ನಿಮ್ಮೂರಲ್ಲಿ ಅದು ಕೊನೆಯ ಸಲ ಸೇರಿದ್ದು ಯಾವಾಗ ಎಂದು ಕೇಳಿ. ಮಹಿಳಾ ಗ್ರಾಮಸಭೆಯಲ್ಲಿ ನೀರು, ಚರಂಡಿಯ ಜೊತೆಗೆ ಇದನ್ನೂ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಸಂರಕ್ಷಣಾಧಿಕಾರಿಯ ಹೆಸರು, ಫೋನ್ ನಂಬರು ಪಂಚಾಯಿತಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಗಂಡನ ಮನೆ ಬಿಟ್ಟವಳ ಹೆಸರು ರೇಷನ್ ಕಾರ್ಡಿನಲ್ಲಿ ಅಲ್ಲೇ ಉಳಿದಿರುತ್ತದೆ, ಅಕ್ಕಿ ಅವರ ಮನೆಗೆ ಹೋಗುತ್ತದೆ. ಅದನ್ನು ಬಿಡಿಸಿಕೊಳ್ಳಲು ಅವಳ ಜೊತೆ ಒಬ್ಬರು ನಡೆದರೆ ಅರ್ಧ ಬಲ ಬಂದಂತೆ.

ಸಂಘದಲ್ಲಿ ನಾವು ಮಾಡಬೇಕಾದ್ದೂ ಇದೆ. ಯಾರಾದರೂ ಎರಡು ವಾರ ಸಭೆಗೆ ಬರದಿದ್ದರೆ ಉಳಿತಾಯದ ಹಣ ಕೇಳಲು ಮಾತ್ರ ಹೋಗಬೇಡಿ, ಅವಳ ಮುಖ ನೋಡಲು ಹೋಗಿ. ನಂಬಿಕೆಯಿಂದ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಿದವರ ಮೇಲೆ ಯಾವ ಕೇಸೂ ಹಾಕಲಾಗದು ಎಂದು ಕಾಯಿದೆಯೇ ಹೇಳಿದೆ. ಆದರೆ ಹಿಂದಿರುಗಬೇಕೋ ಬೇರೆ ಇರಬೇಕೋ ಎಂಬ ತೀರ್ಮಾನ ಅವಳದೇ. ಅದನ್ನು ನಾವು ಕಸಿದುಕೊಂಡರೆ ನಮಗೂ ಆ ಹಿರಿಯರಿಗೂ ಏನು ವ್ಯತ್ಯಾಸ?

ಕೈ ಮುರಿದ ಆ ಹೆಣ್ಣುಮಗಳು ಅಂಗನವಾಡಿಯ ಮೂಲಕವೇ ಅರ್ಜಿ ಹಾಕಿದಳು. ತಡವಾದರೂ ಆದೇಶ ಬಂತು. ಇಂಥ ಆದೇಶದ ಪ್ರತಿಯನ್ನು ನ್ಯಾಯಾಲಯ ಖರ್ಚಿಲ್ಲದೆ ಅವಳಿಗೂ ಕೊಡಬೇಕು, ಪೊಲೀಸ್ ಠಾಣೆಗೂ ಕಳಿಸಬೇಕು. ಅವಳು ಒಂದು ಜೆರಾಕ್ಸ್ ತಂದು ನಮ್ಮ ಸಂಘದ ಪೆಟ್ಟಿಗೆಯಲ್ಲೂ ಇಟ್ಟಿದ್ದಾಳೆ. ಕಾಗದ ಎಲ್ಲಿದೆ ಎಂದು ಅವಳೀಗ ಯಾರನ್ನೂ ಕೇಳಬೇಕಾಗಿಲ್ಲ.