ತೆನೆಹಬ್ಬದ ಒಂದು ಚಮಚ
(ಮಾತೆ ಮರಿಯಮ್ಮನವರ ಜನ್ಮೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರವಚನ)



ಒಂಬತ್ತು ದಿನ ನೊವೇನಕ್ಕೆ ಹೂವು ತಂದ ಮಕ್ಕಳಿಗೆ ಇಂದು ಕಬ್ಬಿನ ಸಂಭ್ರಮ. ಹಿರಿಯರ ಕೈಯಲ್ಲಿ ಆಶೀರ್ವದಿಸಿದ ಹೊಸ ತೆನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮ ಮನೆಗಳಲ್ಲಿ ಬಾಳೆಲೆ ಹಾಸಿ ಐದೋ ಏಳೋ ಒಂಬತ್ತೋ ತರಕಾರಿ ಪದಾರ್ಥಗಳ ಊಟ. ಇವತ್ತು ಮೀನೂ ಇಲ್ಲ, ಮಾಂಸವೂ ಇಲ್ಲ.

ಊಟಕ್ಕೆ ಮೊದಲು ಒಂದು ಪದ್ಧತಿಯಿದೆ. ತೆನೆಯಿಂದ ಕೆಲವೇ ಕಾಳು ಬಿಡಿಸಿ, ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಮಗನಿಗೂ ನಾಲ್ಕು ಕಾಳು ಕಾಗದದಲ್ಲಿ ಸುತ್ತಿ ಕಳುಹಿಸುತ್ತೇವೆ. ಆ ಒಂದು ಚಮಚ ಕಡಿಮೆಯಾಯಿತೆಂದು ಯಾರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಅದರ ಬಗ್ಗೆಯೇ ಇಂದು ಮಾತನಾಡಬೇಕೆಂದಿದ್ದೇನೆ. ಅದಕ್ಕೆ ಮೊದಲು ನನ್ನ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ಎರಡು ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ತೆರಾಲಿ ಹಬ್ಬದ ದಿನ ಮಧ್ಯಾಹ್ನ ಎರಡು ಮನೆ, ರಾತ್ರಿ ಮೂರು ಮನೆ. ಸಾನ್ನಾಂ, ಹಂದಿ ಬಫಾತ್, ಕೋಳಿ ಸುಕ್ಕ. "ಇನ್ನೊಂಚೂರ್ ಹಾಕ್ತೆ ಫಾದರ್" ಎಂದರೆ ನಾನು ಬೇಡ ಎಂದವನೇ ಅಲ್ಲ. ನಡುರಾತ್ರಿ ಎದೆಯ ಮೇಲೆ ಕಲ್ಲು ಹೇರಿದ ಹಾಗಾಯಿತು, ಮೈಯೆಲ್ಲ ಬೆವರು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಎರಡು ಗಂಟೆ ಕಳೆದೆ. ಕೊನೆಗೆ ಅಡುಗೆಯವರೇ ಹಠಮಾಡಿ ಆಸ್ಪತ್ರೆಗೆ ಕರೆದೊಯ್ದರು. ಎಷ್ಟೋ ಜನರಿಗೆ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಿದ ನಾನು ಅಂದು ಮಂಚದ ಮೇಲಿದ್ದೆ.

ಹೃದಯಾಘಾತವಾಗಿರಲಿಲ್ಲ. ಆದರೆ ಒಂದು ರಕ್ತನಾಳ ಕಿರಿದಾಗಿತ್ತು, ಬಿಪಿ, ಸಕ್ಕರೆ ಎರಡೂ ಮೇಲೇರಿದ್ದವು, ತೂಕ 96 ಕಿಲೋ. ಡಾಕ್ಟರು ಹೇಳಿದರು: "ಫಾದರ್, ಇದು ಮೊದಲನೇ ಗಂಟೆ. ಎರಡನೇ ಗಂಟೆ ಎಲ್ಲರಿಗೂ ಕೇಳಿಸುವುದಿಲ್ಲ."

ಹಬ್ಬದ ಊಟವನ್ನು ದೂರಿದರೆ ಸುಳ್ಳಾದೀತು. ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ. ನನ್ನ ಅಭ್ಯಾಸ ದಿನದ್ದು. ರಾತ್ರಿ ಹತ್ತು ದಾಟಿ ಬಂಗಲೆ ನಿಶ್ಶಬ್ದವಾದಾಗ ಕಪಾಟಿನಲ್ಲಿದ್ದ ಕೇಕು, ಚಿಪ್ಸು ಕೈಗೆ ಬರುತ್ತಿದ್ದವು. ಹಸಿವಿನಿಂದಲ್ಲ. ಬೇಸರದಿಂದ, ಒಂಟಿತನದಿಂದ, ಕೆಲವೊಮ್ಮೆ ಸಿಟ್ಟಿನಿಂದ. ನಿಮ್ಮಲ್ಲೂ ಕೆಲವರಿಗೆ ಈ ಕಪಾಟಿನ ಪರಿಚಯವಿರಬಹುದು.

ಪ್ರಿಯರೇ, ಮರಳುಗಾಡಿನಲ್ಲಿ ದೇವರು ಇಸ್ರಯೇಲರಿಗೆ ಮನ್ನಾ ಸುರಿಸಿದ್ದನ್ನು ವಿಮೋಚನಾಕಾಂಡದಲ್ಲಿ ಓದುತ್ತೇವೆ. ಅಂದಂದಿಗೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕೆಂಬುದು ಆಜ್ಞೆ. ಮರುದಿನಕ್ಕೆಂದು ಉಳಿಸಿಕೊಂಡವರ ಮನ್ನಾ ಹುಳ ಬಿದ್ದು ನಾರಿತು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ನಾವು ಬೇಡುವುದು ಅಂದಿನ ಆಹಾರವನ್ನೇ. ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದವರಿಗೆ ನೆನಪಿಸುತ್ತಾರೆ. ಆ ಆಲಯವನ್ನು ನಾನು ಉಗ್ರಾಣ ಮಾಡಿಕೊಂಡಿದ್ದೆ.

ಇಲ್ಲಿ ಒಂದು ಎಚ್ಚರಿಕೆ. ಧರ್ಮಸಭೆ ಹೊಟ್ಟೆಬಾಕತನವನ್ನು ಏಳು ಮೂಲ ಪಾಪಗಳಲ್ಲಿ ಎಣಿಸುತ್ತದೆ, ನಿಜ. ಆದರೆ ದಪ್ಪ ಮೈ ಪಾಪವಲ್ಲ. ಕಾಯಿಲೆಯಿಂದ, ಔಷಧಿಯಿಂದ, ವಂಶದಿಂದಲೂ ತೂಕ ಏರುತ್ತದೆ. ಯಾರ ಮೈಯನ್ನೂ ನೋಡಿ ನಗಬೇಡಿ.

ನಮ್ಮ ಹಿರಿಯರು ಕುಚ್ಚಲಕ್ಕಿ ಗಂಜಿ ಹೊಟ್ಟೆತುಂಬ ಉಂಡರು, ಗದ್ದೆ ಉತ್ತರು, ಬಲೆ ಎಳೆದರು. ಈಗ ಟಿಲ್ಲರ್ ಬಂದಿದೆ, ಸ್ಕೂಟರ್ ಬಂದಿದೆ. ಅನ್ನದ ರಾಶಿ ಮಾತ್ರ ಹಾಗೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಮನೆಯಲ್ಲಿ ಟೇಪು ಹಿಡಿದು ಸೊಂಟ ಅಳೆದುಕೊಳ್ಳಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಡಾಕ್ಟರರನ್ನು ಕಾಣಿರಿ.

ನಾನು ಮೂರು ತಿಂಗಳಲ್ಲಿ 5 ಕಿಲೋ ಇಳಿಸಿದೆ. ಆಮೇಲೆ ಕ್ರಿಸ್ಮಸ್ ಬಂತು. ಒಂದು ರಾತ್ರಿ ಕುಸ್ವಾರದ ಡಬ್ಬಿ ತೆರೆದವನು ನೆವ್ರಿ, ಕಿಡಿಯೊ ಎಲ್ಲ ಮುಗಿಸಿಯೇ ಎದ್ದೆ. ನಾಚಿಕೆಯಿಂದ ಪಾಪನಿವೇದನೆಗೆ ಹೋದೆ. ಹಿರಿಯ ಗುರುಗಳು ಹೇಳಿದ್ದು ಇಷ್ಟೇ: "ನಾಳೆ ಉಪವಾಸ ಮಾಡಬೇಡ. ಹಸಿದವನು ರಾತ್ರಿ ಮತ್ತೆ ಡಬ್ಬಿ ತೆರೆಯುತ್ತಾನೆ. ನಾಳೆ ಹೊತ್ತಿಗೆ ಸರಿಯಾಗಿ ಹಿತಮಿತವಾಗಿ ಉಣ್ಣು." ಆ ಮಾತೇ ನನ್ನನ್ನು ಉಳಿಸಿತು. ಇಂದು ನನ್ನ ತೂಕ 84 ಕಿಲೋ. ಹೋರಾಟ ಮುಗಿದಿಲ್ಲ.

ನಾನು ಮಾಡುತ್ತಿರುವುದು ದೊಡ್ಡದೇನಲ್ಲ. ಒಂದೇ ಸಲ ಬಡಿಸಿಕೊಳ್ಳುತ್ತೇನೆ, ತಟ್ಟೆಯ ಅರ್ಧ ತರಕಾರಿ. ರಾತ್ರಿ ಎಂಟಕ್ಕೆ ಅಡುಗೆಮನೆಗೆ ಬಾಗಿಲು. ಬೇಸರವಾದರೆ ಇಗರ್ಜಿಯ ಅಂಗಳದಲ್ಲಿ ನಡೆಯುತ್ತಾ ಜಪಸರ, ಇಲ್ಲವೇ ಗೆಳೆಯನಿಗೊಂದು ಫೋನು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ. ಮಾತ್ರೆ ಬಿಟ್ಟಿಲ್ಲ, ನೀವೂ ಬಿಡಬೇಡಿ. ಸಕ್ಕರೆ ಕಾಯಿಲೆಯವರು ಡಾಕ್ಟರರನ್ನು ಕೇಳದೆ ಉಪವಾಸ ಮಾಡಬಾರದು. ಎದೆ ನೋವಾದರೆ ಗ್ಯಾಸ್ ಎಂದು ಕಾಯಬೇಡಿ.

ಮುಂದಿನ ತೆರಾಲಿಗೆ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಸೌಟು ಎತ್ತಿದರು. "ಸಾಕು ಬಾಯಮ್ಮ" ಎಂದೆ. ಅವರು ಸೌಟು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮನೆಯವ್ರಿಗೂ ಹೀಂಗೇ ಒತ್ತಾಯ ಮಾಡಿ ಹಾಕ್ತಿದ್ದೆ ಫಾದರ್. ಗ್ಯಾಸ್ ಅಂದ್ಕಂಡೇ ಹೋದ್ರು" ಎಂದರು. ಅದು ಅವರ ತಪ್ಪಲ್ಲ, ಪ್ರೀತಿಯಿಂದಲೇ ಬಡಿಸಿದ್ದು. ಆದರೂ ಅಮ್ಮಂದಿರೇ, ಅತಿಥಿ ಸಾಕೆಂದರೆ ಒಂದೇ ಮಾತಿಗೆ ನಂಬಿ. ಅದೂ ಸತ್ಕಾರವೇ.

ಇವತ್ತು ಹೊಸ ಅಕ್ಕಿಯ ಆ ಒಂದು ಚಮಚ ಬಾಯಿಗೆ ಬಂದಾಗ ಒಂದು ಕ್ಷಣ ಕಣ್ಣುಮುಚ್ಚಿ. ಅಷ್ಟರಲ್ಲೇ ಇಡೀ ಮನೆಗೆ ಪಾಲು ಸಿಕ್ಕಿದೆ, ದೂರದಲ್ಲಿರುವವರಿಗೂ ಸಿಕ್ಕಿದೆ. ಆ ತೃಪ್ತಿಯನ್ನು ಎಲೆಯ ಕೊನೆಯವರೆಗೂ ಉಳಿಸಿಕೊಳ್ಳುವ ಕೃಪೆಯನ್ನು ಮಾತೆ ಮರಿಯಮ್ಮನವರು ತಮ್ಮ ಪುತ್ರನಿಂದ ನಮಗೆ ಬೇಡಿ ಕೊಡಲಿ. ನಿಮ್ಮೆಲ್ಲರಿಗೂ ತೆನೆಹಬ್ಬದ ಶುಭಾಶಯಗಳು. ಆಮೆನ್.